ಕನ್ನಡದ ಸರಣಿ ಕಾದಂಬರಿಗಳು: ಯಾವುದು ಮೊದಲು, ಯಾವುದು ಆಮೇಲೆ?

ಹಾಸನದ ಓದುಗಿ

ತೇಜಸ್ವಿಯವರ ಕರ್ವಾಲೊ, ಚಿದಂಬರ ರಹಸ್ಯ, ಜುಗಾರಿ ಕ್ರಾಸ್ ಮೂರೂ ಓದಿದ್ದಾಗಿದೆ. ಇನ್ನು ಒಂದೇ ಪುಸ್ತಕಕ್ಕೆ ಮುಗಿಯದ, ಎರಡು ಮೂರು ಕಾದಂಬರಿಗಳಿಗೆ ಹಬ್ಬಿದ ಕತೆಗಳು ಬೇಕು. ಐತಿಹಾಸಿಕ, ಸಾಮಾಜಿಕ, ಪತ್ತೇದಾರಿ, ಮಾಟ-ಮಂತ್ರ, ಯಾವುದಾದರೂ ಸರಿ. ಕಷ್ಟ ಏನೆಂದರೆ ನಮ್ಮ ಪುಸ್ತಕಗಳ ಬೆನ್ನ ಮೇಲೆ 'ಮೊದಲನೆಯದು, ಎರಡನೆಯದು' ಎಂದು ಬರೆದಿರುವುದೇ ಕಡಿಮೆ. ಅಂಗಡಿಯಲ್ಲಿ ಕೇಳಿದರೆ 'ಯಾವುದರಿಂದ ಬೇಕಾದರೂ ಶುರು ಮಾಡಿ ಮೇಡಂ' ಅನ್ನುತ್ತಾರೆ.

ಕೇಳಬೇಕಾದ್ದು ಇಷ್ಟು. ತರಾಸು ಅವರ ಚಿತ್ರದುರ್ಗದ ಕಾದಂಬರಿಗಳನ್ನು ಯಾವ ಕ್ರಮದಲ್ಲಿ ಓದಬೇಕು? ಬೇರೆ ಪ್ರಕಾರಗಳಲ್ಲಿ ನಿಜವಾಗಿ ಮುಂದುವರಿಯುವ ಕತೆಗಳು ಯಾವುವು, ಹೆಸರಿಗೆ ಮಾತ್ರ ಸರಣಿ ಅನ್ನಿಸಿಕೊಂಡವು ಯಾವುವು? ಅಚ್ಚಿನಲ್ಲಿ ಇಲ್ಲದವನ್ನು ಹಳೆ ಪುಸ್ತಕದ ಅಂಗಡಿಯಲ್ಲಿ ಕೊಳ್ಳುವಾಗ ಏನು ನೋಡಬೇಕು? ಮನೆಯಲ್ಲಿ ಹದಿಮೂರರ ಹುಡುಗ ಇದ್ದಾನೆ, ಅವನಿಗೂ ಏನಾದರೂ ಹೇಳಿ.

ಕೋಟೆಬಾಗಿಲು

ತರಾಸು ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ, ಉಳಿದದ್ದನ್ನು ಬೇರೆಯವರು ಹೇಳಲಿ.

ದುರ್ಗದ ಕಾದಂಬರಿಗಳಲ್ಲಿ ಬಿಡಿಸಲಾಗದಂತೆ ಹೆಣೆದುಕೊಂಡಿರುವವು ಮೂರು: ಕಂಬನಿಯ ಕುಯಿಲು, ರಕ್ತರಾತ್ರಿ, ತಿರುಗುಬಾಣ. ಇದೇ ಕ್ರಮ, ಬದಲಿಸಬೇಡಿ. ಹದಿನೇಳನೆಯ ಶತಮಾನದ ಕೊನೆಯ ದುರ್ಗ. ಸಿಂಹಾಸನದ ಮೇಲೆ ಯಾರು ಕೂರಬೇಕು, ಯಾರು ಇಳಿಯಬೇಕು ಎಂದು ತೀರ್ಮಾನಿಸುವಷ್ಟು ಬೆಳೆದ ದಳವಾಯಿ ಮುದ್ದಣ್ಣನ ಸಂಚು ಮೂರರಲ್ಲೂ ಹರಿಯುತ್ತದೆ. ನಡುವಿನದನ್ನು ಮೊದಲು ಕೈಗೆತ್ತಿಕೊಂಡರೆ ಯಾರು ಯಾರನ್ನು ಏಕೆ ದ್ವೇಷಿಸುತ್ತಾರೆ ಎಂಬುದೇ ತಿಳಿಯುವುದಿಲ್ಲ. ತಿರುಗುಬಾಣವನ್ನು ಮೊದಲು ಓದಿದರಂತೂ ಹಿಂದಿನ ಎರಡರ ಬಿಗಿ ಪೂರ್ತಿ ಸಡಿಲವಾಗಿಹೋಗುತ್ತದೆ.

ಅಲ್ಲಿಂದ ಹೊಸಹಗಲು. ಹೆಸರೇ ಹೇಳುವಂತೆ ರಕ್ತದ ಕಾಲ ಮುಗಿದು ಭರಮಣ್ಣ ನಾಯಕನ ಆಳ್ವಿಕೆ ಶುರುವಾಗುವ ಹೊತ್ತು (ಅವನು ಪಟ್ಟಕ್ಕೆ ಬಂದದ್ದು 1689). ಆಮೇಲೆ ವಿಜಯೋತ್ಸವ. ರಾಜ್ಯದಾಹ, ಕಸ್ತೂರಿ ಕಂಕಣ ಕೂಡ ದುರ್ಗದವೇ. ಆದರೆ ಅವಕ್ಕೆ ಮೊದಲ ಮೂರರಷ್ಟು ಬಿಗಿಯಾದ ಕೊಂಡಿಯಿಲ್ಲ, ಸಿಕ್ಕಾಗ ಓದಬಹುದು. ಕೊನೆಗೆ ದುರ್ಗಾಸ್ತಮಾನ. 1754ರಲ್ಲಿ ಪಟ್ಟಕ್ಕೆ ಬಂದ ಕೊನೆಯ ಮದಕರಿ ನಾಯಕನಿಂದ ಹಿಡಿದು 1779ರಲ್ಲಿ ಕೋಟೆ ಹೈದರಾಲಿಯ ವಶವಾಗುವವರೆಗೆ. ಲೇಖಕರ ಕೊನೆಯ ಕಾದಂಬರಿಯೂ ಇದೇ. ಅವರು 1984ರಲ್ಲಿ ತೀರಿಕೊಂಡರು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ.

ಓದುವಾಗ ಎಡವುವ ಜಾಗ ಹೆಸರುಗಳು. ದುರ್ಗದ ಪಾಳೆಯಗಾರರಲ್ಲಿ ಮದಕರಿ ಎಂಬ ಹೆಸರು ಒಬ್ಬರಿಗಲ್ಲ, ಓಬಣ್ಣ ಎಂಬುದೂ ಒಬ್ಬರಿಗಲ್ಲ. ದುರ್ಗಾಸ್ತಮಾನದ ಓಬವ್ವ ನಾಗತಿ (ನಾಗತಿ ಎಂದರೆ ನಾಯಕನ ರಾಣಿ) ಅರಮನೆಯ ರಾಜಮಾತೆ. ಕಿಂಡಿಯ ಬಳಿ ಒನಕೆ ಹಿಡಿದ ಓಬವ್ವ ಬೇರೆ. ಸಿನಿಮಾ ಹಾಡು ನೋಡಿ ಬಂದವರು ಇಬ್ಬರನ್ನೂ ಒಬ್ಬರೇ ಅಂದುಕೊಂಡು ಐವತ್ತು ಪುಟ ಗೊಂದಲದಲ್ಲೇ ಓದುತ್ತಾರೆ. ರಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸಿ, ನಾಯಕ, ಅವನ ನಾಗತಿಯರು, ದಳವಾಯಿ, ಪ್ರಧಾನಿ ಎಂದು ನಾಲ್ಕು ಸಾಲು ಬರೆದುಕೊಂಡು ಶುರು ಮಾಡಿ.

ಇನ್ನೊಂದು ಮಾತು. ನಾಗರಹಾವು ಇದೇ ಊರಿನದು, ಆದರೆ ಈ ಸರಣಿಗೆ ಸೇರಿದ್ದಲ್ಲ. 1972ರ ಚಿತ್ರಕ್ಕೆ ಆಧಾರ ಮೂರು ಕಾದಂಬರಿ: ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ. ಮೂರರ ಸರಕನ್ನು ಒಂದೇ ಚಿತ್ರಕ್ಕೆ ಇಳಿಸಿದ್ದರಿಂದ ಪುಸ್ತಕದ ರಾಮಾಚಾರಿಗೂ ತೆರೆಯ ರಾಮಾಚಾರಿಗೂ ಸಾಕಷ್ಟು ದೂರವಿದೆ. ಚಿತ್ರ ನೋಡಿದ್ದೇನೆ, ಕತೆ ಗೊತ್ತು ಎಂದು ಬಿಟ್ಟುಬಿಡಬೇಡಿ.

ಧಾರವಾಡದ ಗಾಳಿ

ಕೋಟೆಬಾಗಿಲು ಅವರು ಹೇಳಿದ ಕ್ರಮ ಇತಿಹಾಸದ ಲೆಕ್ಕದಾಗ ಸರಿ ಅದ. ಆದ್ರ ಹೊಸದಾಗಿ ತರಾಸು ಓದವ್ರಿಗೆ ನಾ ಅದನ್ನ ಹೇಳಂಗಿಲ್ಲ. ದುರ್ಗಾಸ್ತಮಾನದಿಂದನ ಶುರು ಮಾಡ್ರಿ.

ಯಾಕಂದ್ರ ಮೊದಲ ಮೂರು ಕಾದಂಬರಿಗೂ ದುರ್ಗಾಸ್ತಮಾನಕ್ಕೂ ನಡುವ ಕತೆಯೊಳಗ ಹತ್ತಿರ ಹತ್ತಿರ ಎಪ್ಪತ್ತು ವರ್ಷದ ಅಂತರ ಐತಿ. ಪಾತ್ರ ಯಾವೂ ಹಿಂದಿನಿಂದ ಮುಂದುವರಿಯಂಗಿಲ್ಲ. ಅದು ತನ್ನಷ್ಟಕ್ಕ ತಾನ ಪೂರ್ತಿ ಆದ ಪುಸ್ತಕ. ಕೋಟೆ ಬೀಳ್ತದ ಅನ್ನೋದು ಹೆಸರಿನಾಗ ಐತಿ, ಹಂಗಾಗಿ ಕುತೂಹಲ ಕೆಡೂ ಪ್ರಶ್ನೆನ ಇಲ್ಲ. ಬರವಣಿಗೆನೂ ಅದರಾಗ ಹೆಚ್ಚು ಪಕ್ವ ಆಗೇತಿ. ಕಂಬನಿಯ ಕುಯಿಲಿನಾಗ ಸಂಭಾಷಣೆ ನಾಟಕದ ಧಾಟಿಗೆ ಜಾರತದ, ಅದಕ್ಕ ಒಗ್ಗೋತನಕ ಸ್ವಲ್ಪ ತಾಳ್ಮಿ ಬೇಕು. ಅಲ್ಲೇ ಬಿಟ್ಟುಬಿಡೋ ಓದುಗರು ಭಾಳ. ಮೊದಲು ದುರ್ಗದ ಮ್ಯಾಲ ಪ್ರೀತಿ ಹುಟ್ಟಲಿ, ಆಮ್ಯಾಲ ಮುದ್ದಣ್ಣನ ಮೂರು ಪುಸ್ತಕ ಸಾಲಾಗಿ ಓದ್ರಿ. ಆ ಮೂರರ ಒಳಗಿನ ಕ್ರಮ ಮಾತ್ರ ಅವರು ಹೇಳಿದ್ದ ಖರೇ.

ಐತಿಹಾಸಿಕದಾಗ ನಿಜವಾದ ದೊಡ್ಡ ಸರಣಿ ಅಂದ್ರ ಬಿ. ಪುಟ್ಟಸ್ವಾಮಯ್ಯನವರದು. ಕಲ್ಯಾಣ, ಬಿಜ್ಜಳ, ಬಸವಣ್ಣ. ಒಟ್ಟು ಆರು: ಉದಯರವಿ, ರಾಜ್ಯಪಾಲ, ಕಲ್ಯಾಣೇಶ್ವರ, ನಾಗಬಂಧ, ಮುಗಿಯದ ಕನಸು, ಕ್ರಾಂತಿ ಕಲ್ಯಾಣ. ಅಕಾಡೆಮಿ ಪ್ರಶಸ್ತಿ ಬಂದಿದ್ದು ಕೊನೆಯದಕ್ಕ (1964), ಹಂಗಾಗಿ ಅಂಗಡಿಯಾಗ ಅದೊಂದ ಕೇಳತಾರ, ಅದೊಂದ ಓದತಾರ, 'ಇದೇನು ನಡುವಿನಿಂದ ಶುರು ಆದಂಗೈತಿ' ಅಂತಾರ. ಆಗಲೇಬೇಕಲ್ಲ, ಹಿಂದ ಐದು ಪುಸ್ತಕ ಅದಾವ. ಆರೂ ಒಮ್ಮೆಗೆ ಸಿಗೋದು ಕಷ್ಟ. ಉದಯರವಿ ಕೈಗೆ ಬರೋತನಕ ಕಾಯ್ರಿ, ಅದು ಸಿಗಲಾರದ ಉಳಿದವನ್ನ ಮುಟ್ಟಬ್ಯಾಡ್ರಿ.

ಸಂಜೆ ಮೇಷ್ಟ್ರು

ಮೇಡಂ, ನೀವು ಕೇಳಿದ 'ನಿಜವಾದ ಸರಣಿ, ಹೆಸರಿಗೆ ಸರಣಿ' ಎಂಬುದು ಒಳ್ಳೆಯ ಪ್ರಶ್ನೆ. ನಮ್ಮಲ್ಲಿ 'ತ್ರಿವಳಿ' ಎಂದು ಕರೆಸಿಕೊಂಡ ಬಹುಪಾಲು ಪುಸ್ತಕಗಳಲ್ಲಿ ಕತೆ ಮುಂದುವರಿಯುವುದಿಲ್ಲ. ವಸ್ತು ಒಂದೇ ಇರುತ್ತದೆ ಅಷ್ಟೆ.

ಅನಕೃ ಅವರನ್ನೇ ತೆಗೆದುಕೊಳ್ಳಿ. ಸಂಧ್ಯಾರಾಗ ಸಂಗೀತಗಾರನ ಕತೆ, ಉದಯರಾಗ ಚಿತ್ರಕಾರನದು, ಸಾಹಿತ್ಯರತ್ನ ಬರಹಗಾರನದು. ಮೂರನ್ನೂ ಜೊತೆಗೆ ಹೇಳುವುದು ರೂಢಿ, ಆದರೆ ಒಂದರ ಪಾತ್ರ ಇನ್ನೊಂದಕ್ಕೆ ಬರುವುದಿಲ್ಲ. ಸಂಧ್ಯಾರಾಗ ಓದಿ, ಇಷ್ಟವಾದರೆ ಮುಂದಿನದು. ಹಾಗೆಯೇ ನಗ್ನಸತ್ಯ, ಶನಿ ಸಂತಾನ, ಸಂಜೆಗತ್ತಲು. ವೇಶ್ಯಾವೃತ್ತಿಯನ್ನು ನೇರವಾಗಿ ಎದುರಿಸಿದ ಈ ಮೂರರ ಮೇಲೆ ಆ ಕಾಲದಲ್ಲಿ ದೊಡ್ಡ ಗದ್ದಲವೆದ್ದು, ಅನಕೃ ಸಮರ್ಥನೆಗೆ ಬೇರೆ ಪುಸ್ತಕವನ್ನೇ ಬರೆಯಬೇಕಾಯಿತು. ಈಗ ಓದಿದರೆ ಇದಕ್ಕೇ ಇಷ್ಟು ಗಲಾಟೆಯೇ ಅನ್ನಿಸೀತು. ಹುಡುಗನ ಕಪಾಟಿನಲ್ಲಿ ಮಾತ್ರ ಸದ್ಯಕ್ಕೆ ಬೇಡ.

ದೇವುಡು ಅವರ ಮಹಾಬ್ರಾಹ್ಮಣ, ಮಹಾಕ್ಷತ್ರಿಯ, ಮಹಾದರ್ಶನ ಕೂಡ ಇದೇ ಜಾತಿ. ಮೊದಲನೆಯದು ವಿಶ್ವಾಮಿತ್ರ ಬ್ರಹ್ಮರ್ಷಿಯಾಗುವ ಕತೆ, ಎರಡನೆಯದು ಇಂದ್ರಪದವಿಗೇರಿದ ನಹುಷನದು, ಮೂರನೆಯದು ಯಾಜ್ಞವಲ್ಕ್ಯರದು. ಕತೆಯ ಕೊಂಡಿ ಇಲ್ಲ, ಆದರೂ ಇದೇ ಕ್ರಮದಲ್ಲಿ ಓದಲು ಕಾರಣವಿದೆ. ಮಹಾಬ್ರಾಹ್ಮಣದಲ್ಲಿ ಘಟನೆಗಳು ಹೆಚ್ಚು: ಹಠ, ಜಗಳ, ತಪಸ್ಸು, ಸೋಲು. ಮಹಾದರ್ಶನಕ್ಕೆ ಬರುವಷ್ಟರಲ್ಲಿ ಕತೆ ತೆಳುವಾಗಿ ಉಪನಿಷತ್ತಿನ ಚರ್ಚೆ ಹೆಚ್ಚುತ್ತದೆ. ಮೊದಲ ಎರಡರಲ್ಲಿ ಆ ಸಂಸ್ಕೃತಭರಿತ ಕನ್ನಡಕ್ಕೆ ಕಿವಿ ಹೊಂದಿಕೊಳ್ಳದಿದ್ದರೆ ಮೂರನೆಯದು ಭಾರವಾಗುತ್ತದೆ.

ನಿಜವಾಗಿ ಮುಂದುವರಿಯುವ ಎರಡು ಜೋಡಿಗಳು ಬಹಳ ಜನರಿಗೆ ಗೊತ್ತಿಲ್ಲ.

ಒಂದು, ತ್ರಿವೇಣಿಯವರ ಅಪಸ್ವರ ಮತ್ತು ಅಪಜಯ. ಅಪಜಯ ಅಪಸ್ವರದ ಮುಂದಿನ ಭಾಗ. ಬೇರೆ ಬೇರೆ ಕೊಂಡು ಹಿಂದುಮುಂದಾಗಿ ಓದುವ ತಪ್ಪು ಇಲ್ಲಿ ಸುಲಭವಾಗಿ ಆಗುತ್ತದೆ, ಹೆಸರುಗಳೂ ಹಾಗೇ ಇವೆ. ಶರಪಂಜರ, ಬೆಕ್ಕಿನ ಕಣ್ಣು, ಬೆಳ್ಳಿಮೋಡ, ಹಣ್ಣೆಲೆ ಚಿಗುರಿದಾಗ, ಇವೆಲ್ಲ ಬಿಡಿ ಕಾದಂಬರಿಗಳು. ತ್ರಿವೇಣಿಯವರ ಹೆಚ್ಚಿನ ಪುಸ್ತಕಗಳು ಚಿಕ್ಕವು, ವಾರಾಂತ್ಯಕ್ಕೊಂದು ಮುಗಿಯುತ್ತವೆ. ಮನಸ್ಸಿನ ಕಾಯಿಲೆಯನ್ನು ದೆವ್ವ-ಶಾಪದ ಭಾಷೆ ಬಿಟ್ಟು ವೈದ್ಯದ ಭಾಷೆಯಲ್ಲಿ ಸಾಮಾನ್ಯ ಓದುಗರ ಮನೆಯೊಳಕ್ಕೆ ತಂದವರು ಅವರು. ಶರಪಂಜರದ ಚಿತ್ರವನ್ನು ಮೊದಲು ನೋಡಿದ್ದರೂ ಪುಸ್ತಕ ಓದಿ. ಕಾವೇರಿಯ ಒಳಗಿನ ಮಾತು ತೆರೆಯ ಮೇಲೆ ಅಷ್ಟು ಬರುವುದಿಲ್ಲ.

ಎರಡು, ಭೈರಪ್ಪನವರ ಗೃಹಭಂಗ ಮತ್ತು ಅನ್ವೇಷಣ. ಗೃಹಭಂಗದ ಕೊನೆಯಲ್ಲಿ ಉಳಿಯುವ ಹುಡುಗ ವಿಶ್ವನ ಮುಂದಿನ ಬದುಕನ್ನು ಅನ್ವೇಷಣ ಬೇರೆ ಬೇರೆಯವರ ಬಾಯಿಂದ ಹೇಳಿಸುತ್ತದೆ. ಗೃಹಭಂಗ (1970) ಓದದೆ ಇದನ್ನು ಹಿಡಿದರೆ ಅರ್ಧ ಭಾರವೇ ತಿಳಿಯದು.

ಪರ್ವ (1979) ಸರಣಿಯಲ್ಲ, ಆದರೆ ಗಾತ್ರದಲ್ಲಿ ಸರಣಿಯಷ್ಟೇ. ವರ, ಶಾಪ, ದೇವತೆಗಳನ್ನೆಲ್ಲ ತೆಗೆದು ಮಹಾಭಾರತವನ್ನು ಮನುಷ್ಯರ ಕತೆಯಾಗಿ ಕಟ್ಟಿದ್ದು. ಅದು ಆದಿಪರ್ವದಿಂದ ಶುರುವಾಗುವುದಿಲ್ಲ. ಯುದ್ಧದ ಹೊಸ್ತಿಲಲ್ಲಿ, ಶಲ್ಯನ ಮದ್ರದೇಶದಲ್ಲಿ ತೆರೆದುಕೊಂಡು, ಒಬ್ಬೊಬ್ಬರ ನೆನಪಿನೊಳಗೆ ಹಿಂದಕ್ಕೆ ಹೋಗುತ್ತದೆ. ಮೂಲ ಕತೆ ಮಸುಕಾಗಿದ್ದರೆ ಮೊದಲು ಎ.ಆರ್. ಕೃಷ್ಣಶಾಸ್ತ್ರಿಗಳ ವಚನಭಾರತ ಓದಿಬಿಡಿ. ಅದಿಲ್ಲದೆ ಪರ್ವಕ್ಕೆ ಇಳಿದವರು ನೂರನೆಯ ಪುಟದೊಳಗೆ ಪುಸ್ತಕ ಬಿಟ್ಟು ದಡಕ್ಕೆ ಬಂದುಬಿಡುತ್ತಾರೆ.

ಕುವೆಂಪು ಅವರ ಮಲೆಗಳಲ್ಲಿ ಮದುಮಗಳು (1967) ಬಗ್ಗೆಯೂ ಇದೇ ಮಾತು. ಏಳುನೂರರ ಆಸುಪಾಸು ಪುಟ, ಕತೆಗಿಂತ ಮೊದಲು ಕಾಡುವುದು ಮನೆಗಳ ಹೆಸರು. ಸಿಂಬಾವಿ, ಹಳೆಮನೆ, ಕೋಣೂರು, ಹೂವಳ್ಳಿ, ಬೆಟ್ಟಳ್ಳಿ ಎಂದು ಐದು ಮನೆ ಬರೆದುಕೊಂಡು ಪ್ರತಿ ಮನೆಯ ಕೆಳಗೆ ಜನರನ್ನು ಸೇರಿಸುತ್ತಾ ಹೋಗಿ. ಗುತ್ತಿ ಸಿಂಬಾವಿಯವನು, ಅವನು ಹಾರಿಸಿಕೊಂಡು ಹೋಗಬೇಕಾದ ತಿಮ್ಮಿ ಬೆಟ್ಟಳ್ಳಿಯವಳು, ಮುಕುಂದಯ್ಯ ಕೋಣೂರು, ಚಿನ್ನಮ್ಮ ಹೂವಳ್ಳಿ. ಈ ನಾಲ್ವರು ಗಟ್ಟಿಯಾದರೆ ಉಳಿದವರು ತಾವಾಗಿ ಕೂರುತ್ತಾರೆ.

ಮೆಜೆಸ್ಟಿಕ್ ಮೂಲೆ

ಪತ್ತೇದಾರಿ ಮತ್ತು ಥ್ರಿಲ್ಲರ್ ಕಡೆಗೆ ಬರೋಣ, ಮೇಲಿನವರೆಲ್ಲ ಸ್ವಲ್ಪ ಗಂಭೀರ ಆಗ್ಬಿಟ್ರು.

ಕನ್ನಡದಲ್ಲಿ ಒಬ್ಬನೇ ಪತ್ತೇದಾರ ಪುಸ್ತಕದಿಂದ ಪುಸ್ತಕಕ್ಕೆ ಬರುವ ಸರಣಿ ಬೇಕಂದ್ರೆ ಎನ್. ನರಸಿಂಹಯ್ಯ. 1952ರ 'ಪತ್ತೇದಾರ ಪುರುಷೋತ್ತಮನ ಸಾಹಸ'ದಿಂದ ಶುರು. ಆಮೇಲೆ ಬಂದದ್ದು ನೂರಾರು. ಹೆಚ್ಚು ಶಾಲೆ ಕಲಿಯದ ಮನುಷ್ಯ, ಬಸ್ ಕಂಡಕ್ಟರ್ ಕೆಲಸವನ್ನೂ ಮಾಡಿದವರು. ಒಂದು ತಲೆಮಾರಿಗೆ ಕನ್ನಡ ಓದುವ ಚಟ ಹತ್ತಿಸಿದ್ದು ಇವರೇ. ಕ್ರಮದ ಬಗ್ಗೆ ತಲೆಕೆಡಿಸ್ಕೋಬೇಡಿ, ಪ್ರತಿಯೊಂದೂ ಬೇರೆ ಕೇಸು. ಇಲ್ಲಿ ಸುಳಿವು ಹಿಡಿದು ಓದುಗನೇ ಕೊಲೆಗಾರನನ್ನು ಕಂಡುಹಿಡಿಯುವ ಆಟ ನಿರೀಕ್ಷಿಸಬೇಡಿ. ವೇಷ ಬದಲಾವಣೆ, ಬೆನ್ನಟ್ಟುವಿಕೆ, ರಹಸ್ಯ ಬಾಗಿಲು, ಓಟ. ಆ ರುಚಿ ಬೇರೆ. ಸಾಲಾಗಿ ನಾಲ್ಕು ಓದಿದರೆ ಐದನೆಯದು ಸಪ್ಪೆ, ನಡುವೆ ಬೇರೇನಾದ್ರೂ ಓದಿ.

ಇನ್ನಷ್ಟು ಬಿಗಿಯಾದ ಹೆಣಿಗೆ ಬೇಕಂದ್ರೆ ಟಿ.ಕೆ. ರಾಮರಾವ್. ತಮಾಷೆ ಏನಂದ್ರೆ ರೋಚಕ ಕಾದಂಬರಿಗೆ ಹೆಸರಾದ ಇದೇ ಲೇಖಕರ ಪುಸ್ತಕದಿಂದ ಬಂದದ್ದು 'ಬಂಗಾರದ ಮನುಷ್ಯ' (1972). ಇವರ ಪುಸ್ತಕಗಳೂ ಬಿಡಿ ಬಿಡಿ.

ಮಾಟದ ಕತೆಗೆ ಯಂಡಮೂರಿ ವೀರೇಂದ್ರನಾಥ್. ತೆಲುಗಿನವರು, ಆದರೆ ಕನ್ನಡದ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಅವರನ್ನು ಹೊರಗಿನವರು ಅಂತ ಯಾರೂ ನೋಡಿಲ್ಲ. ಇಲ್ಲಿ ಕ್ರಮ ಮುಖ್ಯ: ಮೊದಲು ತುಳಸಿದಳ, ಆಮೇಲೆ ತುಳಸಿ. ಒಬ್ಬ ಪುಟ್ಟ ಹುಡುಗಿಯ ಮೇಲೆ ಕ್ಷುದ್ರ ಪ್ರಯೋಗ, ಇನ್ನೊಂದು ಕಡೆ ಅದಕ್ಕೆ ವೈದ್ಯಕೀಯ ವಿವರಣೆ ಹುಡುಕುವವರು. ಯಾವುದು ನಿಜ ಅನ್ನೋದನ್ನ ಲೇಖಕರು ಕೊನೆವರೆಗೂ ತಕ್ಕಡಿಯಲ್ಲಿ ತೂಗಿಸ್ತಾರೆ. ಎರಡನೆಯ ಪುಸ್ತಕ ಮೊದಲು ಓದಿದರೆ ಆ ತೂಗಾಟವೇ ಹೋಯ್ತು. ಧಾರಾವಾಹಿಯ ಧಾಟಿ ಇರೋದ್ರಿಂದ ಅಧ್ಯಾಯದ ಕೊನೆಯಲ್ಲಿ ಕೊಕ್ಕೆ, ಮುಂದಿನದರ ಆರಂಭದಲ್ಲಿ ಹಿಂದಿನದರ ನೆನಪು. ಒಂದೇ ರಾತ್ರಿ ಓದಿದ್ರೆ ಈ ಪುನರಾವರ್ತನೆ ಕಿರಿಕಿರಿ ಮಾಡುತ್ತೆ, ದಿನಕ್ಕೆ ಎರಡು ಮೂರು ಅಧ್ಯಾಯ ಸರಿಯಾದ ಅಳತೆ. ಅಂದಹಾಗೆ 'ಬೆಳದಿಂಗಳ ಬಾಲೆ'ಯೂ ಇವರದೇ. ಅದರಲ್ಲಿ ದೆವ್ವ ಇಲ್ಲ, ಫೋನಿನ ಆ ಬದಿಯ ಹುಡುಗಿಯನ್ನು ಹುಡುಕುವ ಚೆಸ್ ಆಟಗಾರ.

ಈಗಿನವರಲ್ಲಿ ಕೆ.ಎನ್. ಗಣೇಶಯ್ಯ. ಕೃಷಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದವರು, ಹಾಗಾಗಿ ಕಾದಂಬರಿಯಲ್ಲೂ ಅಡಿಟಿಪ್ಪಣಿ, ಆಕರ, ಚಿತ್ರ. ಕನಕ ಮುಸುಕಿನಿಂದ ಶುರು ಮಾಡಿ, ಆಮೇಲೆ ಕರಿಸಿರಿಯಾನ. ನಂತರ ಯಾವುದಾದರೂ ಆಗುತ್ತೆ.

ಹಾಸನದ ಓದುಗಿ

ಎಲ್ಲರಿಗೂ ಧನ್ಯವಾದ. ಗಣೇಶಯ್ಯನವರ ಬಗ್ಗೆ ಒಂದು ಅನುಮಾನ. ಅಡಿಟಿಪ್ಪಣಿ ಇದೆ ಎಂದರೆ ಅದರಲ್ಲಿರುವ ಇತಿಹಾಸವನ್ನೆಲ್ಲ ನಂಬಬಹುದೇ? ಹಳೆ ಪುಸ್ತಕ ಕೊಳ್ಳುವ ವಿಷಯವನ್ನು ಇನ್ನೂ ಯಾರೂ ಮುಟ್ಟಲಿಲ್ಲ.

ಕೋಟೆಬಾಗಿಲು

ಆಕರ ಇದೆ ಎಂದರೆ ಆ ಆಕರದಲ್ಲಿ ಹಾಗೆ ಬರೆದಿದೆ ಎಂದಷ್ಟೇ ಅರ್ಥ. ಕನಕ ಮುಸುಕಿನ ಬೇರು ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ತೆನೆಯಂಥ ವಸ್ತು. ಅದು ಮುಸುಕಿನ ಜೋಳ, ಅಂದರೆ ಕೊಲಂಬಸ್ ಅಮೆರಿಕಕ್ಕೆ ಹೋಗುವುದಕ್ಕೆ ಮೊದಲೇ ಅದು ಇಲ್ಲಿತ್ತು ಎಂದು 1980ರ ದಶಕದ ಕೊನೆಯಲ್ಲಿ ಕೆಲವು ಸಂಶೋಧಕರು ವಾದಿಸಿದ್ದು ನಿಜ. ಹದಿಮೂರನೆಯ ಶತಮಾನದ ಸೋಮನಾಥಪುರದ ದೇವಾಲಯ ಆ ವಾದದ ಕೇಂದ್ರ. ಅದಕ್ಕೆ ಉತ್ತರವಾಗಿ 1993ರಲ್ಲಿ ಭಾರತದ ಸಸ್ಯವಿಜ್ಞಾನಿಗಳು ಅದು ಮುಸುಕಿನ ಜೋಳದ ತೆನೆಯಲ್ಲ, ಶಿಲ್ಪಶಾಸ್ತ್ರದ ಅಲಂಕಾರದ ಫಲ ಎಂದು ಬರೆದದ್ದೂ ಅಷ್ಟೇ ನಿಜ. ಕಾದಂಬರಿಗೆ ಬೇಕಾದ್ದು ಮೊದಲ ವಾದ, ಅದು ಅದನ್ನು ಬೆಳೆಸುತ್ತದೆ. ಕರಿಸಿರಿಯಾನದಲ್ಲೂ ಹಾಗೆಯೇ. 1565ರ ಸೋಲಿನ ನಂತರ ವಿಜಯನಗರದ ಸಂಪತ್ತನ್ನು ಆನೆಗಳ ಮೇಲೆ ಸಾಗಿಸಿದರು ಎಂಬುದು ಇಂಗ್ಲಿಷ್ ಲೇಖಕ ರಾಬರ್ಟ್ ಸೆವೆಲ್‌ನ ಇತಿಹಾಸದಲ್ಲಿದೆ, ಅವನು 550 ಆನೆ ಎನ್ನುತ್ತಾನೆ. ಅದು ಎಲ್ಲಿ ಹೋಗಿ ಸೇರಿತು ಎಂಬಲ್ಲಿಂದ ಮುಂದೆ ಕಾದಂಬರಿಕಾರರ ಸ್ವಾತಂತ್ರ್ಯ.

ಓದುವಾಗ ಒಂದು ಉಪಾಯ: ಟಿಪ್ಪಣಿ ಇರುವ ವಾಕ್ಯದ ಮುಂದಿನ ವಾಕ್ಯವನ್ನು ಗಮನಿಸಿ. ಆಧಾರ ಮೊದಲನೆಯದಕ್ಕೆ ಇರುತ್ತದೆ, ಊಹೆ ಎರಡನೆಯದರಲ್ಲಿ ನುಸುಳಿರುತ್ತದೆ.

ರದ್ದಿ ರಂಗಪ್ಪ

ಹಳೆ ಪುಸ್ತಕದ ವಿಷಯ. ಬೆಂಗಳೂರಾದರೆ ಅವೆನ್ಯೂ ರಸ್ತೆ. ಬೇರೆ ಊರಲ್ಲಿ ಮುಚ್ಚಿಹೋದ ಬಾಡಿಗೆ ಗ್ರಂಥಾಲಯಗಳ ಸರಕು ಬಂದಿರುವ ಅಂಗಡಿ ಹುಡುಕಿ. ಜನಪ್ರಿಯ ಕಾದಂಬರಿ ಸಾಹಿತಿಗಳ ಕಪಾಟಿಗಿಂತ ಹೆಚ್ಚು ಬಾಡಿಗೆ ಅಂಗಡಿಯ ಹಲಗೆಗಳಲ್ಲಿ ಬದುಕಿದ್ದು.

ಮೊದಲು ನೋಡಬೇಕಾದ್ದು ಪುಟ ಪೂರ್ತಿ ಇದೆಯೇ ಅಂತ. ಎಲ್ಲ ಪುಟ ಮಗುಚುತ್ತಾ ಕೂರಬೇಡಿ. ಕನ್ನಡ ಪುಸ್ತಕ ಸಾಮಾನ್ಯವಾಗಿ ಡೆಮಿ 1/8 ಅಥವಾ ಕ್ರೌನ್ 1/8 ಆಕಾರದ್ದು, ಒಂದು ಫಾರಂಗೆ (ಒಟ್ಟಿಗೆ ಅಚ್ಚಾಗಿ, ಮಡಿಸಿ ಹೊಲಿದ ಕಂತೆಗೆ) 16 ಪುಟ, ಸಣ್ಣ ಮುದ್ರಣಾಲಯದ್ದಾದರೆ 8. ಹೊಲಿಗೆ ಸಡಿಲವಾದರೆ ಉದುರುವುದು ಬಿಡಿ ಹಾಳೆಯಲ್ಲ, ಇಡೀ ಫಾರಂ. ಕತೆ 1ನೇ ಪುಟದಿಂದ ಎಣಿಕೆಯಾಗಿದ್ದರೆ 16-17, 32-33, 48-49 ಹೀಗೆ ಕೂಡುವ ಜಾಗಗಳಲ್ಲಿ ಮಾತ್ರ ನೋಡಿದರೆ ಸಾಕು, ಅಲ್ಲಿ ಸಂಖ್ಯೆ ಹಾರಿದ್ದರೆ ಪುಸ್ತಕ ಬಿಡಿ. ಮುನ್ನುಡಿ, ಅರಿಕೆಗಳನ್ನೂ ಸೇರಿಸಿ ಎಣಿಸಿದ್ದರೆ ಆ ಲೆಕ್ಕ ಅಷ್ಟು ಪುಟ ಹಿಂದುಮುಂದಾಗುತ್ತದೆ. ಹಳೆಯ ಅಚ್ಚುಮೊಳೆಯ ಪುಸ್ತಕವಾದರೆ ಇನ್ನೂ ಸುಲಭ, ಎಷ್ಟೋ ಪುಸ್ತಕದಲ್ಲಿ ಪ್ರತಿ ಫಾರಂನ ಮೊದಲ ಪುಟದ ಕೆಳಗೆ ಪುಟ್ಟ ಅಂಕಿ ಇರುತ್ತದೆ. ಬಾಡಿಗೆ ಅಂಗಡಿಯ ಪುಸ್ತಕದಲ್ಲಿ ಕೊನೆಯ ಹಾಳೆಯನ್ನೂ ನೋಡಿ. ಪತ್ತೇದಾರಿಯ ಕೊನೆಯ ಪುಟ ಹರಿದಿದ್ದರೆ ಉಪ್ಪಿನಕಾಯಿಗೂ ಬಾರದು.

ಎರಡನೆಯದು ಒಳಪುಟ. ಸರಣಿಯ ಕ್ರಮ ಕಂಡುಹಿಡಿಯಲು 'ಮೊದಲ ಮುದ್ರಣ' ಎಂದು ಇರುವ ವರ್ಷವನ್ನೇ ಹಿಡಿಯಿರಿ, ಕೆಳಗಿನ ಮರುಮುದ್ರಣಗಳ ವರ್ಷಗಳನ್ನಲ್ಲ. ಕೆಲವು ಪ್ರಕಾಶಕರು ಹಳೆಯ ಕಾದಂಬರಿಯನ್ನು ತಾವು ಮೊದಲು ಅಚ್ಚು ಹಾಕಿದ ವರ್ಷವನ್ನೇ ಮೊದಲ ಮುದ್ರಣ ಎಂದು ಹಾಕಿಬಿಡುತ್ತಾರೆ. ಅನುಮಾನ ಬಂದರೆ ಲೇಖಕರ ಮಾತಿನ ಕೆಳಗಿನ ತಾರೀಖು ನೋಡಿ, ಅದನ್ನು ಸಾಮಾನ್ಯವಾಗಿ ಯಾರೂ ತಿದ್ದಿರುವುದಿಲ್ಲ. 'ಈ ಕತೆಯ ಹಿಂದಿನ ಭಾಗ ಇಂಥದ್ದು' ಎಂಬ ಸುಳಿವೂ ಅಲ್ಲೇ ಸಿಗುವುದು.

ಕಾಗದ: ಹಳೆಯ ಅಗ್ಗದ ಮುದ್ರಣಗಳು ನ್ಯೂಸ್‌ಪ್ರಿಂಟ್ ಮೇಲಿನವು. ಹಳದಿಯಾಗಿದ್ದರೆ ಚಿಂತೆಯಿಲ್ಲ. ಒಂದು ಪುಟದ ಮೂಲೆಯನ್ನು ಮೆಲ್ಲಗೆ ಬಗ್ಗಿಸಿ, ಮಡಿಸುವ ಮೊದಲೇ ಮುರಿದರೆ ಆ ಪುಸ್ತಕ ಇನ್ನೊಂದು ಓದು ತಾಳದು. ಹರಿದಲ್ಲಿ ಪ್ಲಾಸ್ಟಿಕ್ ಗಮ್ ಟೇಪ್ ಹಚ್ಚಬೇಡಿ. ಅದರ ಅಂಟು ಕೆಲವೇ ವರ್ಷದಲ್ಲಿ ಕಂದು ಕಲೆಯಾಗಿ ಅಕ್ಷರವನ್ನೇ ನುಂಗುತ್ತದೆ. ತೆಳ್ಳಗಿನ ಟಿಶ್ಯೂ ಕಾಗದಕ್ಕೆ ಮೈದಾ ಅಂಟು ಸವರಿ ಹಚ್ಚಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ. ಸಣ್ಣ ಗುಂಡು ತೂತುಗಳು, ಮಡಿಕೆಯಲ್ಲಿ ಪುಡಿ ಕಂಡರೆ ಹುಳ ಇನ್ನೂ ಒಳಗಿದೆ ಎಂದರ್ಥ, ಬೇರೆ ಪುಸ್ತಕದ ಜೊತೆ ಇಡಬೇಡಿ.

ಸ್ಕ್ಯಾನ್ ಪ್ರತಿಗಳ ಬಗ್ಗೆಯೂ ಕೇಳುವವರಿದ್ದಾರೆ, ಅದಕ್ಕೇ ಬರೆಯುತ್ತೇನೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ದೇವುಡು 1962ರಲ್ಲಿ ಹೋದರು, ಅವರು ಬದುಕಿದ್ದಾಗ ಅಚ್ಚಾದ ಕೃತಿಗಳು 2023ರಿಂದ ಮುಕ್ತ. ತ್ರಿವೇಣಿ 1963, 2024ರಿಂದ ಮುಕ್ತ. ಅನಕೃ 1971, ಅವರದು 2032ಕ್ಕೆ. ತರಾಸು 2045ಕ್ಕೆ. ಅಂತರ್ಜಾಲದಲ್ಲಿ ಯಾರೋ ಏರಿಸಿದ್ದಾರೆ ಎಂದಮಾತ್ರಕ್ಕೆ ಮುಕ್ತವಲ್ಲ. ಅಚ್ಚಿನಲ್ಲಿರುವುದನ್ನು ಕೊಂಡೇ ಓದಿ, ಮರುಮುದ್ರಣ ನಡೆಯುವುದು ಅದರಿಂದಲೇ.

ಮಲೆನಾಡ ಮಳೆ

ಹುಡುಗನಿಗೆ: ತೇಜಸ್ವಿಯವರು ಕೆನೆತ್ ಆಂಡರ್ಸನ್ ಬರಹಗಳಿಂದ ಕನ್ನಡಕ್ಕೆ ತಂದ 'ಕಾಡಿನ ಕತೆಗಳು' ನಾಲ್ಕು ಭಾಗ. ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ, ಮುನಿಶಾಮಿ ಮತ್ತು ಮಾಗಡಿ ಚಿರತೆ. ಸಂಖ್ಯೆ ಇದ್ದರೂ ಯಾವ ಭಾಗವನ್ನು ಯಾವಾಗ ಬೇಕಾದರೂ ಓದಬಹುದು, ಒಂದೊಂದು ಕತೆಯೂ ಬೇರೆ ಬೇಟೆ. ಕೊಂದು ತಿಂದ ದೇಹಗಳ ವಿವರ ಅಲ್ಲಲ್ಲಿ ಬರುತ್ತದೆ, ಹದಿಮೂರಕ್ಕೆ ನಡೆಯುತ್ತದೆ, ಎಂಟಕ್ಕೆ ಬೇಡ. ಇವು ಮುಗಿದ ಮೇಲೆ ಜಿಮ್ ಕಾರ್ಬೆಟ್‌ನ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'. ಅದು ಒಂದೇ ಚಿರತೆಯ ಬೆನ್ನು ಹತ್ತಿ ಹೋಗುವ ಇಡೀ ಪುಸ್ತಕ, ಸ್ವಲ್ಪ ನಿಧಾನ. ಅದೇ ಧಾಟಿಯಲ್ಲಿ ಓದು ಬೆಳೆದರೆ ತೇಜಸ್ವಿಯವರದೇ 16 ಪುಸ್ತಕಗಳ ಮಿಲೆನಿಯಂ ಸರಣಿ, ಕತೆಯಲ್ಲದಿದ್ದರೂ ಕತೆಯಂತೆಯೇ ಓಡುತ್ತದೆ. ಪ್ಯಾಪಿಲಾನ್ (ಸೆರೆಯಿಂದ ತಪ್ಪಿಸಿಕೊಳ್ಳುವ ಕೈದಿಯ ಕತೆ) ಮಾತ್ರ ಇನ್ನೆರಡು ವರ್ಷ ತಡೆಯಲಿ.

ನಿಮಗೆ ಒಂದು ಸೇರಿಸುತ್ತೇನೆ. ವಸುಧೇಂದ್ರರ ತೇಜೋ-ತುಂಗಭದ್ರಾ (2019). ಸರಣಿಯಲ್ಲ, ಆದರೆ ಎರಡು ಕಾದಂಬರಿ ಒಂದೇ ರಟ್ಟಿನೊಳಗೆ ಇದ್ದಂತೆ. ಒಂದು ಎಳೆ ಲಿಸ್ಬನ್ನಿನ ತೇಜೋ ನದಿಯ ದಂಡೆ, ಇನ್ನೊಂದು ವಿಜಯನಗರದ ತುಂಗಭದ್ರೆಯ ದಂಡೆ, ಎರಡೂ ಗೋವಾದ ಕಡೆ ಹರಿಯುತ್ತವೆ. ಗೋವಾ 1510ರಲ್ಲಿ ಪೋರ್ಚುಗೀಸರ ಕೈಗೆ ಹೋದದ್ದು, ಪೋರ್ಚುಗಲ್ಲಿನ ಯಹೂದಿಗಳನ್ನು ಬಲವಂತವಾಗಿ ಮತಾಂತರಿಸಿದ್ದು, ಇಷ್ಟು ತಿಳಿದಿದ್ದರೆ ಲಿಸ್ಬನ್ ಭಾಗ ಸಲೀಸು. ಕೆಲವರು ಲಿಸ್ಬನ್ ಅಧ್ಯಾಯಗಳನ್ನು ಹಾರಿಸಿ ಹಂಪಮ್ಮನ ಕತೆಯನ್ನಷ್ಟೇ ಓದುತ್ತಾರೆ. ಹಾಗೆ ಮಾಡಿದರೆ ಗೇಬ್ರಿಯಲ್ ಈ ಕಡೆಗೆ ಬಂದಾಗ ಅವನು ಏನನ್ನು ಬಿಟ್ಟು ಬಂದ ಎಂಬುದೇ ಗೊತ್ತಿರುವುದಿಲ್ಲ. ಅವರದೇ ರೇಷ್ಮೆ ಬಟ್ಟೆ ಇದರ ಮುಂದುವರಿಕೆಯಲ್ಲ, ಅದು ಬೇರೆ ಕಾಲ, ಬೇರೆ ದಾರಿ.

ಧಾರವಾಡದ ಗಾಳಿ

ಮಲೆನಾಡ ಮಳೆ ಅವರಿಗೆ ಒಂದು ಸೇರ್ಪಡೆ. ಆ ಹುಡುಗಗ ಬೇಟೆ ಕತಿ ಬ್ಯಾಸರ ಆದ್ರ ಕೆ.ವಿ. ಅಯ್ಯರ್ ಅವರ ರೂಪದರ್ಶಿ ಕೊಡ್ರಿ. ಸಣ್ಣ ಪುಸ್ತಕ, ಚಿತ್ರಕಾರ ಮತ್ತ ಅವನ ಮಾದರಿಯ ಕತಿ. ಕೊನಿ ಯಾರೂ ಮೊದಲ ಹೇಳಬಾರದು, ಬೆನ್ನ ರಟ್ಟಿನ ಮ್ಯಾಲೆ ಬರೆದಿದ್ರ ಕಾಗದ ಸುತ್ತಿ ಕೊಡ್ರಿ.

ಮತ್ತ ಮೇಡಂ, ನೀವು ಪುಟ್ಟಸ್ವಾಮಯ್ಯನವರ ಸೆಟ್ ಹುಡುಕೋದಾದ್ರ ರಂಗಪ್ಪನವರು ಹೇಳಿದಂಗ ಒಳಪುಟ ನೋಡ್ರಿ. 'ಕ್ರಾಂತಿ ಕಲ್ಯಾಣ' ಅಂತ ಕೆಲವರು ಆರಕ್ಕೂ ಸೇರಿಸಿ ಹೇಳತಾರ, ಕೆಲವರು ಕೊನೆಯ ಪುಸ್ತಕಕ್ಕಷ್ಟ ಹೇಳತಾರ. ಅಂಗಡಿಯವರಿಗೆ ಫೋನ್ ಮಾಡಿದಾಗ 'ಉದಯರವಿ ಐತೇನ್ರಿ?' ಅಂತ ಕೇಳ್ರಿ. ಅದೂ ಕುವೆಂಪು ಅವರ ಪ್ರಕಾಶನದ ಹೆಸರು ಅಂದ್ಕೊಂಡು ಬೇರೇನೋ ಕಟ್ಟಿ ಕಳಿಸಿಯಾರು, ಲೇಖಕರ ಹೆಸರು ಮೊದಲ ಹೇಳ್ರಿ.